ಬೀಸಿನ ಮರ್ಮ, ಬೀಸಿನ ಸಂದು

ಗಾಲ್ಫ್ ವಿಡಿಯೋ ಗೇಮುಗಳ ವಿಷಯದಲ್ಲಿ ಆಟಗಾರರ ನಡುವೆ ಎದ್ದು ಇಂದಿಗೂ ತಣ್ಣಗಾಗದ ಜಗಳ ಒಂದಿದ್ದರೆ ಅದು ಬೀಸಿನ ಸಮಯಕ್ಕೆ ಸಂಬಂಧಿಸಿದ್ದು. ಬೀಸು ಎಂದರೆ ಚೆಂಡಿಗೆ ಹೊಡೆಯಲು ಗಾಲ್ಫ್ ಕೋಲನ್ನು ಹಿಂದಕ್ಕೆ ಎತ್ತಿ ಮುಂದಕ್ಕೆ ಇಳಿಸುವ ಪೂರ್ಣ ಚಲನೆ. ವಿಡಿಯೋ ಗೇಮಿನಲ್ಲಿ ಈ ಚಲನೆಗೆ ಭುಜವಿಲ್ಲ, ಸೊಂಟದ ತಿರುವಿಲ್ಲ, ಕಾಲೂರುವ ನೆಲವಿಲ್ಲ. ಇವೆಲ್ಲದರ ಬದಲಿಗೆ ಗುಂಡಿ ಒತ್ತಬೇಕಾದ ಅಥವಾ ಬೆರಳು ಎತ್ತಬೇಕಾದ ಒಂದು ಕ್ಷಣವಿದೆ, ಆ ಕ್ಷಣ ಯಾವಾಗ ಬರುತ್ತದೆಂಬುದು ಪ್ರೋಗ್ರಾಮಿನೊಳಗೆ ಬರೆದಿಟ್ಟ ಲೆಕ್ಕವಾಗಿದೆ. ಆಟಗಾರನೊಬ್ಬ ಆ ಲೆಕ್ಕವನ್ನು ಪತ್ತೆಹಚ್ಚಿ, ಪ್ರತಿ ಹೊಡೆತವನ್ನೂ ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಹೊಡೆಯತೊಡಗಿದರೆ ಅದನ್ನು ಸಾಧನೆ ಎನ್ನಬೇಕೋ ಕಳ್ಳಾಟ ಎನ್ನಬೇಕೋ ಎಂಬುದು ಚರ್ಚೆಯ ತಿರುಳು.

ಈ ಚರ್ಚೆಗೆ ಕನ್ನಡದ ಎರಡು ಪದಗಳು ಚೆನ್ನಾಗಿ ಒದಗುತ್ತವೆ. ಒಂದು ಮರ್ಮ, ಇನ್ನೊಂದು ಸಂದು. ಆಟದ ಮರ್ಮ ಹಿಡಿದವನು ಆ ಆಟ ಏನನ್ನು ಕೇಳುತ್ತದೋ ಅದನ್ನು ಇತರರಿಗಿಂತ ಚೆನ್ನಾಗಿ ಕೊಡಬಲ್ಲವನು. ಆಟದ ಸಂದು ಹಿಡಿದವನು ಅದು ಕೇಳುವುದನ್ನು ಕೊಡದೆಯೇ ಫಲವನ್ನು ಪಡೆಯುವವನು. ಹೊರಗಿನಿಂದ ನೋಡುವವರಿಗೆ ಇಬ್ಬರ ಅಂಕಪಟ್ಟಿಯೂ ಒಂದೇ ಆಗಿರಬಹುದು, ಆದ್ದರಿಂದಲೇ ಅಂಕಗಳನ್ನು ಮುಂದಿಟ್ಟುಕೊಂಡು ಈ ಜಗಳವನ್ನು ತೀರ್ಮಾನಿಸಲು ಹೊರಟವರು ಎಂದೂ ತೀರ್ಮಾನಕ್ಕೆ ಬಂದಿಲ್ಲ. ಮರ್ಮಕ್ಕೂ ಸಂದಿಗೂ ನಡುವಣ ಗೆರೆ ಇರುವುದು ಹೊಡೆತ ತಪ್ಪುವ ಸಾಧ್ಯತೆಯಲ್ಲಿ. ಆ ಸಾಧ್ಯತೆ ಆಟಗಾರನ ಕೈಯಲ್ಲಿ ಉಳಿದಿರುವವರೆಗೆ ಅವನು ಎಷ್ಟು ನಿಖರವಾಗಿ ಹೊಡೆದರೂ ಅದು ಆಟವೇ ಎಂಬುದು ಈ ಬರಹದ ನಿಲುವು.

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಓದುಗರಿಗೆ ಗಾಲ್ಫ್ ದೂರದ ಆಟವಾಗಿ ತೋರುವುದು ಸಹಜ. ಕರ್ನಾಟಕದಲ್ಲಿ ಅದು ನೆಲೆಯೂರಿದ್ದು 1876ರಲ್ಲಿ ಆರಂಭವಾದ ಬೆಂಗಳೂರು ಗಾಲ್ಫ್ ಕ್ಲಬ್ಬಿನಂಥ ಕಡೆಗಳಲ್ಲಿ, ಮಲೆನಾಡಿನ ಕಾಫಿ ತೋಟಗಳ ಆಸುಪಾಸಿನಲ್ಲಿ. ರಾಗಿ, ತೆಂಗು, ಅಡಿಕೆಯ ಈ ಬಯಲಿನಲ್ಲಿ ಅಲ್ಲ. ಆದರೂ ಗಾಲ್ಫ್ ಹುಟ್ಟಿದ ನೆಲ ಈ ಸೀಮೆಗೆ ತೀರ ಅಪರಿಚಿತವಾದದ್ದೇನೂ ಅಲ್ಲ. ಸ್ಕಾಟ್ಲೆಂಡಿನ ಕಡಲ ಬದಿಯಲ್ಲಿ, ಉಳುಮೆಗೆ ಬಾರದೆ ಕುರಿ ಮೇಯಲು ಬಿಟ್ಟ ಹುಲ್ಲುಬಯಲುಗಳಲ್ಲಿ ಆ ಆಟ ಬೆಳೆಯಿತು. ಅಜ್ಜಂಪುರದ ಅಮೃತಮಹಲ್ ತಳಿಯ ದನಗಳಿಗಾಗಿ ಕಾದಿರಿಸಿದ ಕಾವಲುಗಳೂ ಉಳದೆ ಮೇವಿಗೆಂದೇ ಉಳಿಸಿಕೊಂಡು ಬಂದ ಹುಲ್ಲುಗಾವಲುಗಳೇ. ಅಲ್ಲಿ ಕೋಲು ಮತ್ತು ಚೆಂಡು ಸೇರಿ ಒಂದು ಆಟವಾಯಿತು, ಇಲ್ಲಿ ದಾಂಡು ಮತ್ತು ಚಿನ್ನಿ ಸೇರಿ ಇನ್ನೊಂದು ಆಟವಾಯಿತು. ಬೀಸಿನ ಸಮಯವನ್ನು ಕುರಿತ ಎಲ್ಲ ಪ್ರಶ್ನೆಗಳೂ ಚಿನ್ನಿದಾಂಡಿನಲ್ಲಿ ಪರದೆಯ ಅಡ್ಡಿಯಿಲ್ಲದೆ ಕಾಣುವುದರಿಂದ ವಿಮರ್ಶೆಯನ್ನು ಅಲ್ಲಿಂದ ಆರಂಭಿಸುವುದು ಯೋಗ್ಯ.

ರಾಗಿ ಕೊಯ್ಲಾಗಿ ಕೂಳೆ ಉಳಿದ ಹೊಲದಲ್ಲಿ ಚಿನ್ನಿದಾಂಡು ಆಡುವಾಗ ದಾಂಡು ಒಂದು ಮೊಳದಷ್ಟು ಉದ್ದದ ಕೋಲು, ಚಿನ್ನಿ ಗೇಣಿಗಿಂತ ಚಿಕ್ಕದಾದ, ಎರಡೂ ತುದಿಗಳನ್ನು ಚೂಪಾಗಿ ಕೆತ್ತಿದ ಕಡ್ಡಿ. ನೆಲದಲ್ಲಿ ಬಿದ್ದಿರುವ ಚಿನ್ನಿಯ ತುದಿಗೆ ದಾಂಡಿನಿಂದ ಮೆಲ್ಲನೆ ಏಟು ಕೊಟ್ಟರೆ ಅದು ತಿರುಗುತ್ತ ಮೇಲೇಳುತ್ತದೆ, ಮೇಲೆದ್ದ ಚಿನ್ನಿಯನ್ನು ಗಾಳಿಯಲ್ಲಿರುವಾಗಲೇ ಬೀಸಿ ಹೊಡೆಯಬೇಕು. ಎರಡು ಅಡಿ ಎತ್ತರಕ್ಕೆ ಎದ್ದ ಚಿನ್ನಿ ಮತ್ತೆ ನೆಲ ಮುಟ್ಟುವುದಕ್ಕೆ ಹಿಡಿಯುವ ಸಮಯ ಸುಮಾರು 0.7 ಸೆಕೆಂಡು. ಏರುವಾಗ ಅದರ ವೇಗ ಕುಗ್ಗುತ್ತ ಹೋಗಿ, ತುತ್ತತುದಿಯಲ್ಲಿ ಗಳಿಗೆಯ ಮಟ್ಟಿಗೆ ನಿಂತಂತಾಗಿ, ಆಮೇಲೆ ಇಳಿಯತೊಡಗುತ್ತದೆ. ಕೈ ಪಳಗಿದ ಹುಡುಗ ಕಾಯುವುದು ಆ ನಿಂತ ಗಳಿಗೆಗೆ, ಹೊಸಬ ಹೊಡೆಯುವುದು ಅದು ಏರುತ್ತಿರುವಾಗ. ಪಳಗಿದವನು ಭೌತಶಾಸ್ತ್ರದ ಒಂದು ನಿಯಮದ ಲಾಭ ಪಡೆಯುತ್ತಿದ್ದಾನೆ ಎಂದು ಯಾರೂ ಆಕ್ಷೇಪಿಸಿದ್ದಿಲ್ಲ, ಏಕೆಂದರೆ ಆ ಗಳಿಗೆಯನ್ನು ಕಂಡುಕೊಳ್ಳುವುದೇ ಆಟ.

ಆಕ್ಷೇಪ ಏಳುವುದು ಬೇರೆ ಕಡೆ. ಚಿನ್ನಿಯ ತುದಿಯನ್ನು ಅಳತೆ ಮೀರಿ ಉದ್ದಕ್ಕೆ ಕೆತ್ತಿಕೊಂಡರೆ ಹೇಗೆ ತಟ್ಟಿದರೂ ಅದು ನೆಟ್ಟಗೆ ಮೇಲೇಳುತ್ತದೆ; ಬಿದ್ದ ಚಿನ್ನಿಯನ್ನು ಕಾಲಲ್ಲಿ ಸರಿಸಿ ತುದಿಯ ಕೆಳಗೆ ಹರಳು ಬರುವಂತೆ ಮಾಡಿಕೊಂಡರೂ ಫಲ ಅದೇ. ಗೆಳೆಯರ ಗುಂಪು ಇಂಥದ್ದನ್ನು ಕಂಡ ಕೂಡಲೆ ಆಟ ನಿಲ್ಲಿಸಿ, ಚಿನ್ನಿ ಎಲ್ಲಿ ಬಿತ್ತೋ ಅಲ್ಲಿಂದಲೇ ಹೊಡೆಯಬೇಕು, ಮೂರು ಸಲದೊಳಗೆ ಏಳದಿದ್ದರೆ ಔಟು ಎಂದು ಮೊದಲೇ ಮಾತಾಡಿಕೊಂಡು ಮುಂದುವರಿಯುತ್ತದೆ. ಬಿದ್ದಲ್ಲಿಂದಲೇ ಹೊಡೆಯಬೇಕೆಂಬುದು ಗಾಲ್ಫಿನ ಮೂಲ ನಿಯಮವೂ ಹೌದು. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೆಂದರೆ, ಹುಡುಗರು ತಡೆದದ್ದು ನಿಖರತೆಯನ್ನಲ್ಲ. ಚಿನ್ನಿ ಏಳದೇ ಹೋಗಬಹುದಾದ ಆ ಸಣ್ಣ ಅಪಾಯವನ್ನು ಕಳೆದುಹಾಕುವ ಉಪಾಯವನ್ನು ತಡೆದರು.

ವಿಡಿಯೋ ಗೇಮಿನ ಬೀಸಿಗೆ ಇಂದಿಗೂ ಬಳಕೆಯಲ್ಲಿರುವ ಪ್ರಸಿದ್ಧ ರೂಪವನ್ನು ಕೊಟ್ಟದ್ದು 1984ರಲ್ಲಿ ಬಂದ ನಿಂಟೆಂಡೊ ಕಂಪನಿಯ ಗಾಲ್ಫ್. ಮುಂದೆ ಅದೇ ಕಂಪನಿಯ ಅಧ್ಯಕ್ಷರಾದ ಸಟೋರು ಇವಾಟ ಅದರ ಪ್ರೋಗ್ರಾಂ ಬರೆದವರು. ಅದರಲ್ಲಿ ಬೀಸು ಎಂದರೆ ಮೂರು ಒತ್ತು: ಮೊದಲ ಒತ್ತಿಗೆ ಪರದೆಯ ಕೆಳಗಿನ ಪಟ್ಟಿಯಲ್ಲಿ ಗುರುತೊಂದು ಓಡತೊಡಗುತ್ತದೆ, ಎರಡನೆಯ ಒತ್ತು ಹೊಡೆತದ ಬಲವನ್ನು ನಿಶ್ಚಯಿಸುತ್ತದೆ, ಮರಳಿ ಬರುವ ಗುರುತು ಗೆರೆಯ ಮೇಲಿರುವಾಗ ಕೊಟ್ಟ ಮೂರನೆಯ ಒತ್ತು ಚೆಂಡು ನೇರ ಹೋಗುವುದೋ ಎಡಬಲಕ್ಕೆ ಬಾಗುವುದೋ ಎಂಬುದನ್ನು ನಿಶ್ಚಯಿಸುತ್ತದೆ. ಇಡೀ ದೇಹದ ಒಂದು ಕಠಿಣ ವಿದ್ಯೆಯನ್ನು ಮೂರು ಕ್ಷಣಗಳಿಗೆ ಇಳಿಸಿ, ಆದರೂ ಬಲ ಹೆಚ್ಚಿಸಲು ಹೋದರೆ ದಿಕ್ಕು ಕೈತಪ್ಪಬಹುದೆಂಬ ಗಾಲ್ಫಿನ ಒಳಗುದಿಯನ್ನು ಹಾಗೇ ಉಳಿಸಿಕೊಂಡ ಈ ಕಲ್ಪನೆ ವಿಡಿಯೋ ಗೇಮಿನ ಚರಿತ್ರೆಯಲ್ಲಿ ನಿಜಕ್ಕೂ ದೊಡ್ಡದು. ಆಮೇಲಿನ ದಶಕಗಳಲ್ಲಿ, ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರಿನ ಕಡ್ಡಿಯನ್ನು ಹಿಂದಕ್ಕೆ ಎಳೆದು ಮುಂದಕ್ಕೆ ತಳ್ಳುವ ವಿಧಾನ ಬಂತು. 2020ರ ಪಿಜಿಎ ಟೂರ್ 2ಕೆ21 ಎಂಬ ಗೇಮಿನಲ್ಲಿ ಆ ತಳ್ಳುವಿಕೆ ಎಷ್ಟು ನೇರವಾಗಿತ್ತು, ಎಷ್ಟು ವೇಗವಾಗಿತ್ತು ಎಂಬ ಎರಡನ್ನೂ ಅಳೆದು ಚೆಂಡಿನ ದಾರಿಯನ್ನು ಲೆಕ್ಕ ಹಾಕಲಾಗುತ್ತದೆ. 2017ರ ಗಾಲ್ಫ್ ಕ್ಲಾಷ್ ಎಂಬ ಮೊಬೈಲ್ ಆಟದಲ್ಲಿ ಬೆರಳಿನಿಂದ ಚೆಂಡನ್ನು ಹಿಂದಕ್ಕೆಳೆದು, ಓಲಾಡುವ ಸೂಜಿ ನಡುಗೆರೆಗೆ ಬಂದಾಗ ಬೆರಳೆತ್ತಬೇಕು.

ಈ ಎಲ್ಲ ವಿಧಾನಗಳ ಸಮಯದ ಅಳತೆ ಎಷ್ಟು ಸಣ್ಣದೆಂದು ತಿಳಿದರೆ ಚರ್ಚೆಯ ಸ್ವರೂಪ ಸ್ಪಷ್ಟವಾಗುತ್ತದೆ. ಪರದೆಯ ಚಿತ್ರ ಸೆಕೆಂಡಿಗೆ 60 ಸಲ ಬದಲಾಗುವಲ್ಲಿ ಒಂದೊಂದು ಚಿತ್ರದ ಆಯುಷ್ಯ ಸುಮಾರು 16.7 ಮಿಲಿಸೆಕೆಂಡು, ಅಂದರೆ ಸೆಕೆಂಡಿನ ಅರವತ್ತನೆಯ ಒಂದು ಪಾಲು. ಕಣ್ಣಿಗೆ ಕಂಡದ್ದಕ್ಕೆ ಬೆರಳು ಸ್ಪಂದಿಸಲು ಮನುಷ್ಯನಿಗೆ 200 ಮಿಲಿಸೆಕೆಂಡಿನ ಆಸುಪಾಸು ಬೇಕು. ಹೀಗಿರುವಾಗ ಗುರುತು ಗೆರೆಗೆ ಬಂದದ್ದನ್ನು ನೋಡಿ ಒತ್ತುವವನು ತಡವಾಗಿಯೇ ಒತ್ತುತ್ತಾನೆ. ಸರಿಯಾಗಿ ಒತ್ತುವವನು ಗುರುತು ಬರುವುದಕ್ಕೆ ಮುನ್ನವೇ ಅದರ ಬರವನ್ನು ಒಳಗೇ ಎಣಿಸಿಕೊಂಡಿರುತ್ತಾನೆ. ಹಳೆಯ ದೊಡ್ಡ ಟೆಲಿವಿಷನ್ನಿನಿಂದ ಹೊಸದಕ್ಕೆ, ಒಂದು ಫೋನಿನಿಂದ ಇನ್ನೊಂದಕ್ಕೆ ಹೋದ ಆಟಗಾರನ ಕೈ ಕೆಲವು ದಿನ ಕೆಡುವುದು ಇದೇ ಕಾರಣಕ್ಕೆ. ಚಿತ್ರ ಪರದೆಗೆ ಬರುವ ವಿಳಂಬ ಉಪಕರಣದಿಂದ ಉಪಕರಣಕ್ಕೆ ಬೇರೆ, ಒಳಗಿನ ಎಣಿಕೆ ಮಾತ್ರ ಹಳೆಯದು.

ನಿಜವಾದ ಗಾಲ್ಫಿನಲ್ಲಿಯೂ ಸಂಗತಿ ಭಿನ್ನವಲ್ಲ. ವೃತ್ತಿಪರ ಆಟಗಾರರ ಬೀಸುಗಳನ್ನು ಚಲನಚಿತ್ರದ ತುಣುಕುಗಳಲ್ಲಿ ಎಣಿಸಿ ನೋಡಿದ ಜಾನ್ ನೊವೊಸೆಲ್ 2004ರ ತಮ್ಮ ಪುಸ್ತಕದಲ್ಲಿ, ಕೋಲು ಹಿಂದಕ್ಕೆ ಏರುವ ಅವಧಿಗೂ ಮುಂದಕ್ಕೆ ಇಳಿಯುವ ಅವಧಿಗೂ ಇರುವ ಅನುಪಾತ ಮೂರಕ್ಕೆ ಒಂದು ಎಂದು ತೋರಿಸಿದರು. ಬೇಗ ಬೀಸುವವರಲ್ಲಿಯೂ ನಿಧಾನವಾಗಿ ಬೀಸುವವರಲ್ಲಿಯೂ ಈ ಅನುಪಾತ ಹೆಚ್ಚುಕಡಿಮೆ ಅದೇ ಆಗಿರುತ್ತದೆ. ಚೆಂಡು ಮತ್ತು ಕೋಲು ಪರಸ್ಪರ ತಾಗಿರುವುದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಪಾಲಿನಷ್ಟು ಹೊತ್ತು ಮಾತ್ರ. ಅಷ್ಟು ಕಿರಿದಾದ ಕ್ಷಣವನ್ನು ಯಾವ ಮನುಷ್ಯನೂ ಆ ಕ್ಷಣದಲ್ಲಿ ತಿದ್ದಲಾರ, ಅದಕ್ಕೆ ಮುಂಚಿನ ಲಯವನ್ನು ಮಾತ್ರ ಕಾಪಾಡಬಲ್ಲ. ಆದ್ದರಿಂದ ಗೇಮಿನ ಆಟಗಾರ ಮನಸ್ಸಿನಲ್ಲಿ ಎಣಿಸುವುದು, ಕಾಲಿನಿಂದ ತಾಳ ಹಾಕುವುದು, ಆಟದ ಸದ್ದನ್ನೇ ಹಿಡಿದು ಒತ್ತುವುದು ಇವೆಲ್ಲ ಗಾಲ್ಫಿನ ವಿದ್ಯೆಗೆ ಹೊರಗಿನವಲ್ಲ. ಕಣ್ಣು ಮುಚ್ಚಿ ಸರಿಯಾದ ಕ್ಷಣಕ್ಕೆ ಒತ್ತಬಲ್ಲವನನ್ನು ದೂರುವವರು ಆ ಆಟ ನಿಂತಿರುವ ನೆಲೆಯನ್ನೇ ದೂರುತ್ತಾರೆ.

ನಿಶ್ಚಿತವಾದ ಕಾಲದ ಅಳತೆ ಕಲೆಯನ್ನು ಕೊಲ್ಲುತ್ತದೆ ಎಂಬ ವಾದಕ್ಕೆ ಕಡೂರು ಸೀಮೆಯಿಂದಲೇ ಉತ್ತರ ದೊರೆಯುತ್ತದೆ. ಕಡೂರು ತಾಲ್ಲೂಕಿನ ದೇವನೂರು ನಾದಲೋಲನೆಂದು ಹೆಸರಾದ ಲಕ್ಷ್ಮೀಶನ ಊರು, ಅವನ ಜೈಮಿನಿ ಭಾರತ ಇರುವುದು ವಾರ್ಧಕ ಷಟ್ಪದಿಯಲ್ಲಿ, ಆ ಛಂದಸ್ಸಿನ ಗಣಗಳು ಐದೈದು ಮಾತ್ರೆಯವು. ಮಾತ್ರೆ ಎಂದರೆ ಹ್ರಸ್ವಾಕ್ಷರವೊಂದನ್ನು ನುಡಿಯುವಷ್ಟು ಕಾಲ. ಮುಂದಿನ ಗಣ ಎಲ್ಲಿ ಮುಗಿಯುತ್ತದೆಂಬುದು ಕವಿಗೆ ಮಾತ್ರವಲ್ಲ, ಕೇಳಿ ರೂಢಿಯಾದ ಸಭೆಗೂ ಗೊತ್ತು, ಹಾಗೆ ಗೊತ್ತಿರುವುದರಿಂದಲೇ ಗಮಕಿ ಪದವನ್ನು ಎಲ್ಲಿ ಒಡೆದ, ಎಲ್ಲಿ ಉಸಿರು ಹಿಡಿದ ಎಂಬುದರ ರುಚಿ ಹತ್ತುತ್ತದೆ. ಕಾಲದ ಲೆಕ್ಕ ಬಯಲಾಗಿರುವುದು ದೋಷವಾಗಿದ್ದರೆ ಷಟ್ಪದಿಯೇ ದೋಷವಾಗಬೇಕಿತ್ತು.

ಇಷ್ಟು ಹೇಳಿದ ಮೇಲೆ, ವಿವಾದದ ಮತ್ತೊಂದು ಪಕ್ಕವನ್ನು ಬಿಗಿಯಾಗಿಯೇ ನೋಡಬೇಕು. ಕೆಲವರು ಪರದೆಯ ಮೇಲೆ ಅಂಟುಪಟ್ಟಿಯ ಚೂರು ಹಚ್ಚಿ ಬಲದ ಗುರುತನ್ನು ನಿಲ್ಲಿಸುವ ಜಾಗ ತೋರಿಸಿಕೊಳ್ಳುತ್ತಾರೆ. ಕೆಲವರು ಕಂಟ್ರೋಲರಿನ ಕಡ್ಡಿ ಎಡಬಲಕ್ಕೆ ಸರಿಯದಂತೆ ಅದರ ಎರಡೂ ಬದಿಗೆ ಗಟ್ಟಿ ರಟ್ಟನ್ನೋ ಪ್ಲಾಸ್ಟಿಕ್ಕನ್ನೋ ಕೂರಿಸಿಕೊಳ್ಳುತ್ತಾರೆ. ಇನ್ನು ಕೆಲವರು ಕಂಟ್ರೋಲರಿಗೂ ಗೇಮಿನ ಯಂತ್ರಕ್ಕೂ ನಡುವೆ ಸಣ್ಣದೊಂದು ಸಾಧನವನ್ನು ಸಿಕ್ಕಿಸಿ, ಗುಂಡಿ ಒಂದನ್ನು ಒತ್ತಿದರೆ ಸಾಕು, ಮೊದಲೇ ಬರೆದಿಟ್ಟ ಆಜ್ಞೆಗಳ ಸರಣಿ ತಾನಾಗಿ ನಡೆದು ಹೊಡೆತ ಪ್ರತಿ ಸಲವೂ ಒಂದೇ ಆಗುವಂತೆ ಮಾಡುತ್ತಾರೆ. ಈ ಮೂರನ್ನೂ ಒಂದೇ ಹೆಸರಿನಿಂದ ಕರೆದು ಒಟ್ಟಿಗೆ ಖಂಡಿಸುವುದು ವಾದದ ಆಲಸ್ಯ. ಅಂಟುಪಟ್ಟಿ ಕಣ್ಣಿಗೆ ನೆರವಾದೀತೇ ಹೊರತು ಬೆರಳಿನ ಕೆಲಸವನ್ನು ಮಾಡಲಾರದು. ಅದನ್ನು ಹಚ್ಚಿಕೊಂಡವನೂ ತಡವಾಗಿ ಒತ್ತಬಲ್ಲ. ರಟ್ಟು ಹಾಗಲ್ಲ, ನೇರವಾಗಿ ತಳ್ಳುವುದನ್ನೇ ಆಟ ಅಳೆಯುತ್ತಿರುವಾಗ ನೇರವಲ್ಲದೆ ಬೇರೆ ದಾರಿಯೇ ಇರದಂತೆ ಅದು ಮಾಡುತ್ತದೆ, ಆದ್ದರಿಂದ ಬೀಸಿನ ಅರ್ಧ ಆಗಲೇ ಸತ್ತಿರುತ್ತದೆ. ಮೂರನೆಯದರಲ್ಲಿ ಆಡುತ್ತಿರುವುದು ಮನುಷ್ಯನೇ ಅಲ್ಲ. ಮೈಕ್ರೋಸಾಫ್ಟ್ 2023ರ ನವೆಂಬರಿನಲ್ಲಿ ತನ್ನ ಎಕ್ಸ್‌ಬಾಕ್ಸ್ ಯಂತ್ರಗಳಲ್ಲಿ ಅನುಮತಿ ಇಲ್ಲದ ಪರಿಕರಗಳು ನಡೆಯದಂತೆ ತಡೆಹಾಕಿದಾಗ ಇಂಥ ಸಾಧನಗಳಿಗೂ ಪೆಟ್ಟು ಬಿದ್ದದ್ದು ಸ್ವಾಗತಾರ್ಹವೇ ಆಗಿತ್ತು, ಆದರೆ ಅದೇ ತಡೆಯಿಂದಾಗಿ ಕೈ ಸ್ವಾಧೀನವಿಲ್ಲದವರು ಬಳಸುವ ವಿಶೇಷ ಪರಿಕರಗಳಿಗೂ ತೊಂದರೆಯಾದೀತೆಂಬ ಕಳವಳ ಎದ್ದದ್ದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಗುಂಡಿ ಒತ್ತಲು ಗಲ್ಲವನ್ನೋ ಮೊಣಕೈಯನ್ನೋ ಬಳಸುವವನಿಗೆ ಬೇರೆ ಪರಿಕರ ಬೇಕು. ಅವನ ಪರಿಕರವೂ ತಪ್ಪುವ ಅವಕಾಶವನ್ನು ಉಳಿಸಿಕೊಂಡಿರುತ್ತದೆ, ವ್ಯತ್ಯಾಸ ಅಲ್ಲಿದೆ.

ಆಟ ತಯಾರಿಸುವವರು ಸಂದು ಮುಚ್ಚಲು ಹಿಡಿಯಬಹುದಾದ ಸುಲಭದ ದಾರಿ ಅದೃಷ್ಟವನ್ನು ಬೆರೆಸುವುದು. ಸರಿಯಾದ ಕ್ಷಣಕ್ಕೆ ಒತ್ತಿದರೂ ಚೆಂಡು ಕೆಲವೊಮ್ಮೆ ತುಸು ಆಚೀಚೆ ಬೀಳುವಂತೆ ಪ್ರೋಗ್ರಾಮಿನೊಳಗೆ ಗುಟ್ಟಾಗಿ ಏರುಪೇರು ಸೇರಿಸಿದರೆ, ಯಂತ್ರದ ನೆರವು ಪಡೆದವನ ಹೊಡೆತವೂ ಪ್ರತಿ ಸಲ ಒಂದೇ ಆಗುವುದಿಲ್ಲ. ಈ ಪರಿಹಾರ ರೋಗಕ್ಕಿಂತ ಕೆಟ್ಟದು. ಯಂತ್ರವನ್ನು ತಡೆಯುವ ಹೆಸರಿನಲ್ಲಿ ಅದು ವರ್ಷಗಟ್ಟಲೆ ಲಯ ಕಲಿತ ಕೈಯನ್ನೂ ಶಿಕ್ಷಿಸುತ್ತದೆ, ಮತ್ತು ತಪ್ಪುವ ಸಾಧ್ಯತೆಯನ್ನು ಆಟಗಾರನ ಕೈಯಿಂದ ಕಿತ್ತು ದಾಳದ ಕೈಗೆ ಕೊಡುತ್ತದೆ. ಚೌಕಾಬಾರ ಆಡುವವರು ಕವಡೆಯನ್ನು ಜೋಡಿಸಿ ಜಾರಿಸಬಾರದು, ಕುಲುಕಿಯೇ ಬಿಡಬೇಕು ಎಂದು ಹಟ ಹಿಡಿಯುವುದು ಸರಿ, ಏಕೆಂದರೆ ಅಲ್ಲಿ ಗರ ಬೀಳುವುದು ಅದೃಷ್ಟದ ಪಾಲಿನದು ಎಂದು ಎಲ್ಲರೂ ಒಪ್ಪಿ ಕುಳಿತಿರುತ್ತಾರೆ. ಬೀಸಿನ ಆಟದಲ್ಲಿ ಆ ಒಪ್ಪಂದವಿಲ್ಲ.

ಕೌಶಲ ಮತ್ತು ಅದೃಷ್ಟಗಳ ಈ ಭೇದ ಕರ್ನಾಟಕದಲ್ಲಿ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. ಪಣ ಒಡ್ಡಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ರಾಜ್ಯ ಸರ್ಕಾರ 2021ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಪ್ರಮುಖ ಅಂಶಗಳನ್ನು ಹೈಕೋರ್ಟು 2022ರ ಫೆಬ್ರುವರಿ 14ರಂದು ರದ್ದುಪಡಿಸಿದಾಗ, ಕೌಶಲವೇ ಪ್ರಧಾನವಾದ ಆಟವನ್ನು ಜೂಜಿನ ಸಾಲಿಗೆ ಸೇರಿಸಲಾಗದು ಎಂಬ ವಿಚಾರ ಆ ತೀರ್ಪಿನ ಹೃದಯವಾಗಿತ್ತು. ಮುಂದೆ 2025ರಲ್ಲಿ ಸಂಸತ್ತು ಮಾಡಿದ ಕಾಯ್ದೆ, ಕೌಶಲದ್ದಾಗಲಿ ಅದೃಷ್ಟದ್ದಾಗಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿ, ಇ-ಸ್ಪೋರ್ಟ್ಸ್ ಎಂಬ ಸ್ಪರ್ಧಾತ್ಮಕ ವಿಡಿಯೋ ಗೇಮುಗಳಿಗೆ ಪ್ರತ್ಯೇಕ ಮನ್ನಣೆ ಕೊಟ್ಟಿತು. ಕಾನೂನು ಹಣದ ಪ್ರಶ್ನೆಯನ್ನು ಹೀಗೆ ಬಗೆಹರಿಸಿದರೂ ವಿಮರ್ಶೆಯ ಪ್ರಶ್ನೆ ಉಳಿಯುತ್ತದೆ, ಏಕೆಂದರೆ ಸ್ಪರ್ಧೆಯೆಂಬ ಮನ್ನಣೆ ಪಡೆದ ಆಟ ತಾನು ಯಾವ ಕೌಶಲವನ್ನು ಅಳೆಯುತ್ತಿದೆ ಎಂಬುದನ್ನು ಸ್ಪಷ್ಟಪಡಿಸಲೇಬೇಕು. ಗುಟ್ಟಿನ ಏರುಪೇರನ್ನು ಬೆರೆಸಿದ ಆಟ ಆ ಪರೀಕ್ಷೆಯಲ್ಲಿ ನಿಲ್ಲಲಾರದು.

ಇದಕ್ಕಿಂತಲೂ ನೋವಿನ ಸಂಗತಿ ಎಂದರೆ ಸಂದನ್ನು ಆಟ ತಯಾರಿಸುವವರೇ ಮಾರುವುದು. ಹಲವು ಮೊಬೈಲ್ ಗಾಲ್ಫ್ ಆಟಗಳಲ್ಲಿ ಕೋಲು ಮತ್ತು ಚೆಂಡುಗಳನ್ನು ಬಲಪಡಿಸಿಕೊಳ್ಳುವ ವ್ಯವಸ್ಥೆ ಇದ್ದು, ವರ್ಷಗಟ್ಟಲೆ ಆಡಿ ಗಳಿಸಬೇಕಾದ್ದನ್ನು ಹಣ ಕೊಟ್ಟು ಬೇಗ ಪಡೆಯಬಹುದು. ಬಲವಾದ ಕೋಲು ಕೈಗೆ ಬಂದವನ ತಪ್ಪಿಗೆ ಆಟ ಹೆಚ್ಚು ಕ್ಷಮೆ ತೋರುತ್ತದೆ. ಗಾಲ್ಫ್ ಕ್ಲಾಷ್ ಆಟವನ್ನು ರೂಪಿಸಿದ ಪ್ಲೇಡೆಮಿಕ್ ಸಂಸ್ಥೆಯನ್ನು 2021ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ 140 ಕೋಟಿ ಡಾಲರಿಗೆ ಕೊಂಡುಕೊಂಡಿತೆಂಬುದನ್ನು ನೆನೆದರೆ ಈ ವ್ಯಾಪಾರದ ಗಾತ್ರ ತಿಳಿದೀತು. ಅಡಿಕೆ ಸುಲಿಯುವ ಮನೆಯಂಗಳದಲ್ಲಿ ಕುಳಿತು ಫೋನಿನಲ್ಲಿ ಸೂಜಿಯ ಓಲಾಟವನ್ನು ಕಲಿತ ಹುಡುಗಿಯೊಬ್ಬಳು, ಹಣ ತೆತ್ತು ಕೋಲು ಬಲಪಡಿಸಿಕೊಂಡವನ ಎದುರು ಸೋತರೆ, ಅವಳ ದೂರಿಗೆ ಇರುವ ನ್ಯಾಯ ಅಂಟುಪಟ್ಟಿ ಹಚ್ಚಿದವನ ವಿರುದ್ಧದ ದೂರಿಗಿಲ್ಲ. ಸಮಯದ ಸಂದು ಹಿಡಿದವರನ್ನು ಹೀಗಳೆಯುವ ಆಟಗಾರರು ಈ ಮಾರಾಟದ ಬಗ್ಗೆ ಅಷ್ಟೇ ಗಟ್ಟಿಯಾಗಿ ಮಾತಾಡದಿರುವುದು ಈ ಚರ್ಚೆಯ ದೊಡ್ಡ ಕೊರತೆ.

ವಿಧಾನಗಳ ಬೆರಕೆಯಿಂದ ಹುಟ್ಟುವ ತಕರಾರು ಇನ್ನೊಂದು ಬಗೆಯದು. 2022ರ ಪಿಜಿಎ ಟೂರ್ 2ಕೆ23ರಲ್ಲಿ ಕಡ್ಡಿಯ ಬೀಸಿನ ಜೊತೆಗೆ ಹಳೆಯ ಮೂರು ಒತ್ತಿನ ಬೀಸನ್ನೂ ಆಯ್ಕೆಯಾಗಿ ಕೊಡಲಾಯಿತು. ಒಂದು ಕೈಯ ಚಲನೆಯನ್ನು ಅಳೆಯುತ್ತದೆ, ಇನ್ನೊಂದು ಬೆರಳಿನ ಕ್ಷಣವನ್ನು. ಎರಡನ್ನೂ ಒಂದೇ ಅಂಕಪಟ್ಟಿಗೆ ಸೇರಿಸಿದಾಗ ಯಾರದು ಸುಲಭ ಎಂಬ ಜಗಳಕ್ಕೆ ಕೊನೆಯಿರುವುದಿಲ್ಲ. ಇಲ್ಲಿ ಮೋಸ ಮಾಡಿದವರು ಯಾರೂ ಇಲ್ಲ, ಆದರೂ ಅನ್ಯಾಯದ ಭಾವನೆ ಇದೆ, ಆ ಭಾವನೆ ಸುಳ್ಳೂ ಅಲ್ಲ. ಬೇರೆ ಬೇರೆ ವಿಧಾನದವರಿಗೆ ಬೇರೆ ಬೇರೆ ಪಟ್ಟಿ ಇಡುವುದು ಆಟ ತಯಾರಿಸುವವರ ಕೆಲಸ. ಅದನ್ನು ಅವರು ಮಾಡದಿದ್ದಲ್ಲಿ ಆಡುವವರೇ ಕೂಳೆ ಹೊಲದ ಹುಡುಗರಂತೆ ಮೊದಲೇ ಮಾತಾಡಿಕೊಳ್ಳಬೇಕಾಗುತ್ತದೆ. ಹಾಗೆ ಮಾತಾಡಿಕೊಂಡ ಮೇಲೆ ಮೀರಿದವನನ್ನು ಕಳ್ಳನೆನ್ನಬಹುದು, ಅದಕ್ಕೆ ಮುಂಚೆ ಅಲ್ಲ.

ಗಾಲ್ಫ್ ಆಟವೇ ತನ್ನ ಚರಿತ್ರೆಯಲ್ಲಿ ಈ ಬಗೆಯ ಗೆರೆಗಳನ್ನು ಎಳೆದು, ಅಳಿಸಿ, ಮತ್ತೆ ಎಳೆದಿದೆ. ಗುರಿಯ ದೂರವನ್ನು ಅಳೆಯುವ ಸಾಧನಕ್ಕೆ 2019ರ ನಿಯಮಗಳಲ್ಲಿ ಸಾಮಾನ್ಯ ಅನುಮತಿ ದೊರೆಯಿತು, ಏಕೆಂದರೆ ದೂರ ಗೊತ್ತಾದ ಮಾತ್ರಕ್ಕೆ ಹೊಡೆತ ಸರಿಹೋಗುವುದಿಲ್ಲ. ಉದ್ದನೆಯ ಕೋಲಿನ ಹಿಡಿಯನ್ನು ಹೊಟ್ಟೆಗೋ ಎದೆಗೋ ಊರಿಕೊಂಡು, ಕೈ ನಡುಗಿದರೂ ಕೋಲು ನಡುಗದಂತೆ ಚೆಂಡನ್ನು ಕುಳಿಯತ್ತ ತಳ್ಳುವ ಪದ್ಧತಿಯನ್ನು ಮಾತ್ರ 2016ರ ಆರಂಭದಿಂದ ನಿಷೇಧಿಸಲಾಯಿತು. ಅಂಟುಪಟ್ಟಿ ಮತ್ತು ರಟ್ಟುಗಳ ನಡುವೆ ಮೇಲೆ ಮಾಡಿದ ಭೇದಕ್ಕೂ ಈ ಎರಡು ತೀರ್ಮಾನಗಳಿಗೂ ಹತ್ತಿರದ ಹೋಲಿಕೆ ಇದೆ.

ಅದಕ್ಕೂ ಹಿಂದೆ, 1966ರ ಸುಮಾರಿಗೆ, ಅಮೆರಿಕದ ಹೆಸರಾಂತ ಆಟಗಾರ ಸ್ಯಾಮ್ ಸ್ನೀಡ್ ಸಣ್ಣ ಹೊಡೆತಗಳಲ್ಲಿ ಕೈ ನಡುಗತೊಡಗಿದ್ದರಿಂದ ಗುರಿಗೆ ಎದುರಾಗಿ ನಿಂತು, ಚೆಂಡನ್ನು ಎರಡು ಕಾಲುಗಳ ನಡುವೆ ಇಟ್ಟುಕೊಂಡು ತಳ್ಳತೊಡಗಿದರು. ಕುಳಿಯ ದಾರಿಯನ್ನು ಎರಡೂ ಕಣ್ಣುಗಳಿಂದ ನೇರವಾಗಿ ನೋಡುತ್ತ ಹೊಡೆಯುವ ಈ ಭಂಗಿ ಆಟದ ಸ್ವರೂಪವನ್ನೇ ಕೆಡಿಸುತ್ತದೆಂದು ಭಾವಿಸಿದ ನಿಯಮಕರ್ತರು, ಚೆಂಡಿನ ದಾರಿಯ ಎರಡೂ ಬದಿಗೆ ಕಾಲಿಟ್ಟು ನಿಲ್ಲುವುದನ್ನು 1968ರಿಂದ ನಿಷೇಧಿಸಿದರು. ಸ್ನೀಡ್ ಎರಡೂ ಪಾದಗಳನ್ನು ದಾರಿಯ ಒಂದೇ ಬದಿಗೆ ತಂದುಕೊಂಡು, ಗುರಿಗೆ ಮುಖ ಮಾಡಿಯೇ ನಿಂತು, ಚೆಂಡನ್ನು ಪಕ್ಕದಿಂದ ತಳ್ಳುವುದನ್ನು ಮೊದಲಿನಿಂದ ಕಲಿತರು. ಆ ಹೊಸ ಭಂಗಿಯಲ್ಲಿಯೇ ಆಡುತ್ತ, 62ನೆಯ ವಯಸ್ಸಿನಲ್ಲಿ, 1974ರ ಪಿಜಿಎ ಚಾಂಪಿಯನ್‌ಷಿಪ್ಪಿನಲ್ಲಿ ಅವರು ಮೂರನೆಯ ಸ್ಥಾನವನ್ನು ಹಂಚಿಕೊಂಡರು.